ಲೆನ್ಸ್ ಹಾಕುವವರಿಗೆ ನೀರಿನ ಪಥ್ಯ

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ ನಾವು ಕಣ್ಣಿನ ಡಾಕ್ಟರುಗಳು ಹೇಳುವ ಮಾತು ಬಹಳ. ಕೈ ತೊಳೆಯಿರಿ ಅಂದರೆ ಒಪ್ಪುತ್ತಾರೆ. ಉಗುರು ಕತ್ತರಿಸಿ ಅಂದರೆ ನಾಚಿಕೊಂಡು ಒಪ್ಪುತ್ತಾರೆ. ಆದರೆ ಜನ ಸುಲಭಕ್ಕೆ ಒಪ್ಪದ ಮಾತು ಒಂದಿದೆ. ಅದು, ಲೆನ್ಸಿಗೆ ನೀರು ತಾಗಿಸಬೇಡಿ ಅನ್ನುವುದು. ನಲ್ಲಿ ನೀರು, ಬಾವಿ ನೀರು, ಬೋರ್‌ವೆಲ್ ನೀರು, ಫಿಲ್ಟರ್ ನೀರು, ಕಾಯಿಸಿ ಆರಿಸಿದ ನೀರು, ಅಂಗಡಿಯಲ್ಲಿ ಸೀಲು ಹಾಕಿ ಮಾರುವ ಬಾಟಲಿ ನೀರು, ಯಾವುದೂ ಬೇಡ. ತೀರ್ಥವೂ ಬೇಡ.

ಎದುರಿಗೆ ಕೂತವರು ಹೂಂಗುಟ್ಟುತ್ತಾರೆ, ಆದರೆ ಮುಖದ ಮೇಲೆ ಅನುಮಾನ ಹಾಗೇ ಉಳಿದಿರುತ್ತದೆ. ಅವರದ್ದು ತಪ್ಪಲ್ಲ. ಶುದ್ಧ ಮಾಡುವುದು ಅಂದರೆ ನಮಗೆ ನೀರು ಹಾಕುವುದೇ. ಮಡಿಗೂ ನೀರು, ಮೈಲಿಗೆ ಕಳೆಯುವುದಕ್ಕೂ ನೀರು. ಹೊರಗಿನಿಂದ ಬಂದರೆ ಮೊದಲು ಕಾಲಿಗೆ ನೀರು. ಕಣ್ಣಿಗೆ ಧೂಳು ಬಿದ್ದರೆ ಬೊಗಸೆ ನೀರು. ಹೀಗೆ ಬೆಳೆದವರ ಬೆರಳಿನಿಂದ ಲೆನ್ಸ್ ಜಾರಿ ಬೇಸಿನ್ ಮೇಲೆ ಬಿದ್ದರೆ ಇನ್ನೊಂದು ಕೈ ತಾನಾಗಿಯೇ ನಲ್ಲಿ ತಿರುಗಿಸುತ್ತದೆ. ಇವತ್ತಿನ ನನ್ನ ಮಾತು ಮುಖ್ಯವಾಗಿ ಆ ಇನ್ನೊಂದು ಕೈಯನ್ನು ಕುರಿತದ್ದು.

ಮೊದಲು ಲೆನ್ಸ್ ಎಲ್ಲಿ ಕೂರುತ್ತದೆ ಅನ್ನುವುದನ್ನು ನೋಡೋಣ. ಕರಿಗುಡ್ಡೆಯ ಮುಂದೆ, ಗಡಿಯಾರದ ಮುಳ್ಳುಗಳ ಮೇಲಿನ ಗಾಜಿನಂತೆ ಉಬ್ಬಿ ಕೂತಿರುವ ಪಾರದರ್ಶಕ ಭಾಗವೇ ಕಾರ್ನಿಯಾ. ನಡುವೆ ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಅದರಲ್ಲಿ ರಕ್ತನಾಳಗಳಿಲ್ಲ. ಇದ್ದಿದ್ದರೆ ಬೆಳಕು ಹಾಯುತ್ತಿರಲಿಲ್ಲ, ನಮಗೆ ಕಾಣುತ್ತಿರಲಿಲ್ಲ. ರಕ್ತ ಇಲ್ಲದ ಮೇಲೆ ಅದಕ್ಕೆ ಬೇಕಾದ ಆಮ್ಲಜನಕ ಬರುವುದು ಹೆಚ್ಚಾಗಿ ಹೊರಗಿನ ಗಾಳಿಯಿಂದ. ಕಣ್ಣೀರಿನ ತೆಳುವಾದ ಪರೆಯಲ್ಲಿ ಕರಗಿ ಒಳಗೆ ಇಳಿಯಬೇಕು. ಕಣ್ಣೀರು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಅದರಲ್ಲಿ ರೋಗಾಣುಗಳನ್ನು ಕೊಲ್ಲುವ ವಸ್ತುಗಳಿವೆ. ರೆಪ್ಪೆ ಬಡಿದಾಗಲೆಲ್ಲ ಹೊಸ ಕಣ್ಣೀರು ಬಂದು ಹಳೆಯದನ್ನು ಗುಡಿಸಿಕೊಂಡು ಹೋಗುತ್ತದೆ. ಲೆನ್ಸ್ ಹಾಕಿದಾಗ ಈ ಏರ್ಪಾಡಿನ ನಡುವೆ ಒಂದು ತೆರೆ ಎಳೆದಂತಾಗುತ್ತದೆ. ಚೊಕ್ಕಟವಾದ ತೆರೆಯಾದರೆ ಕಾರ್ನಿಯಾ ಹೇಗೋ ಹೊಂದಿಕೊಳ್ಳುತ್ತದೆ. ತೆರೆಯೇ ಕೊಳಕಾಗಿದ್ದರೆ ಕೊಳೆ ಗಂಟೆಗಟ್ಟಲೆ ಅಲ್ಲೇ ಅಂಟಿಕೊಂಡಿರುತ್ತದೆ.

ಮೃದು ಲೆನ್ಸಿನ ಕಥೆ ಗೊತ್ತಿದ್ದರೆ ನೀರಿನ ವಿಷಯ ಇನ್ನೂ ಸುಲಭವಾಗಿ ಅರ್ಥವಾಗುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜ್ಯೂರಿಕ್‌ನಲ್ಲಿದ್ದ ಅಡಾಲ್ಫ್ ಫಿಕ್ ಎಂಬ ಕಣ್ಣಿನ ವೈದ್ಯ ಗಾಜಿನ ಲೆನ್ಸ್ ಮಾಡಿಸಿದ. ಅದು ಕಣ್ಣಿನ ಬಿಳಿ ಭಾಗವನ್ನೂ ಮುಚ್ಚುವಷ್ಟು ದೊಡ್ಡದು, ಕೆಲವು ಗಂಟೆಗಿಂತ ಹೆಚ್ಚು ತಡೆಯುವಂತಿರಲಿಲ್ಲ. ಆಮೇಲೆ ಗಟ್ಟಿ ಪ್ಲಾಸ್ಟಿಕ್ ಬಂತು. ಇವತ್ತು ಬಹುಪಾಲು ಜನ ಹಾಕುವ ಮೃದು ಲೆನ್ಸ್ ಕೊಟ್ಟವನು ಪ್ರಾಗ್ ನಗರದ ರಸಾಯನ ವಿಜ್ಞಾನಿ ಆಟೊ ವಿಖ್ಟರ್ಲೆ. ನೀರು ಹೀರಿ ಮೆತ್ತಗಾಗುವ ಒಂದು ಪ್ಲಾಸ್ಟಿಕ್ಕನ್ನು ಅವನೂ ಅವನ ಸಹೋದ್ಯೋಗಿ ದ್ರಾಹೊಸ್ಲಾವ್ ಲಿಮ್ ಎಂಬವನೂ ಮೊದಲೇ ಕಂಡುಹಿಡಿದಿದ್ದರು. ಅದಕ್ಕೆ ಲೆನ್ಸಿನ ಆಕಾರ ಕೊಡುವುದು ಕೈಗೆ ಹತ್ತಿರಲಿಲ್ಲ, ಸರ್ಕಾರಿ ಸಂಸ್ಥೆಯ ಬೆಂಬಲವೂ ನಿಂತುಹೋಗಿತ್ತು. 1961ರ ಕ್ರಿಸ್‌ಮಸ್ ಹೊತ್ತಿಗೆ ಅವನು ಮನೆಯಲ್ಲೇ, ಮಕ್ಕಳ ಜೋಡಿಸುವ ಆಟಿಕೆಯ ತಗಡುಗಳಿಗೆ ಸೈಕಲ್ ಡೈನಮೊ ಕಟ್ಟಿ ತಿರುಗುವ ಯಂತ್ರ ಮಾಡಿ, ದ್ರವವನ್ನು ತಿರುಗಿಸಿ ತಿರುಗಿಸಿ ಮೊದಲ ಲೆನ್ಸುಗಳನ್ನು ಎರಕ ಹೊಯ್ದ. ಹತ್ತು ವರ್ಷದ ಮೇಲೆ, 1971ರಲ್ಲಿ, ಅಮೆರಿಕದಲ್ಲಿ ಮೃದು ಲೆನ್ಸ್ ಮಾರಲು ಅನುಮತಿ ಸಿಕ್ಕಿತು.

ವಿಖ್ಟರ್ಲೆಯ ಆ ಪ್ಲಾಸ್ಟಿಕ್ಕಿನ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನೀರೇ. ಇಂದಿನ ಕೆಲವು ಲೆನ್ಸುಗಳಲ್ಲಿ ಅರ್ಧಕ್ಕೂ ಮೀರಿ ನೀರಿದೆ. ಹಾಗಾಗಿ ಮೃದು ಲೆನ್ಸನ್ನು ಗಾಜಿನ ಚೂರು ಅಂತ ತಿಳಿಯಬೇಡಿ. ತೊಳೆದ ನೀರು ಅದರ ಮೇಲಿಂದ ಜಾರಿ ಹೋಗುವುದಿಲ್ಲ, ಒಳಕ್ಕೆ ಇಳಿಯುತ್ತದೆ. ಕಣ್ಣೀರಿನಲ್ಲಿ ಉಪ್ಪಿದೆ, ನಲ್ಲಿ ನೀರಿನಲ್ಲಿ ಅಷ್ಟಿಲ್ಲ. ನೀರಲ್ಲಿ ಅದ್ದಿದ ಲೆನ್ಸ್ ಉಬ್ಬಿ, ಆಕಾರ ಬದಲಾಯಿಸಿ, ಕಣ್ಣಿಗೆ ಹಾಕಿದಾಗ ಕಾರ್ನಿಯಾಗೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ತೆಗೆಯುವಾಗ ಕಾರ್ನಿಯಾದ ಮೇಲ್ಪದರ ಗೀಚುತ್ತದೆ. ಆ ಗೀಚು ನಿಮಗೆ ಕಾಣುವುದಿಲ್ಲ. ರೋಗಾಣುವಿಗೆ ಒಳಗೆ ಹೋಗಲು ಅಷ್ಟು ಬಾಗಿಲು ಸಾಕು.

ಆ ನೀರಿನಲ್ಲಿ ಇರುವವರು ಯಾರು? ಒಬ್ಬನ ಹೆಸರು ಅಕಾಂತಮೀಬಾ. ಒಂದೇ ಜೀವಕೋಶದ ಜೀವಿ. ಮಣ್ಣಿನಲ್ಲಿ, ಕೆರೆಯಲ್ಲಿ, ಬಾವಿಯಲ್ಲಿ, ಈಜುಕೊಳದಲ್ಲಿ, ನಲ್ಲಿಯ ಬಾಯಲ್ಲಿ, ಎಲ್ಲೆಲ್ಲೂ ಇದೆ. ನಾವು ಕುಡಿಯುತ್ತೇವೆ, ಏನೂ ಆಗುವುದಿಲ್ಲ. ಬ್ಯಾಕ್ಟೀರಿಯಾ ತಿಂದುಕೊಂಡು ತನ್ನ ಪಾಡಿಗೆ ಇರುವ ಪ್ರಾಣಿ ಅದು. ಕಾಲ ಕೆಟ್ಟರೆ ಎರಡು ಪದರದ ಗಟ್ಟಿ ಕವಚ ಕಟ್ಟಿಕೊಂಡು ಒಳಗೆ ಮುದುಡಿ ಮಲಗುತ್ತದೆ. ಕುಡಿಯುವ ನೀರಿಗೆ ಹಾಕುವಷ್ಟು ಕ್ಲೋರಿನ್ ಆ ಕವಚದ ಮುಂದೆ ಏನೂ ಅಲ್ಲ. ಲೆನ್ಸಿನ ಜೊತೆ ಕಣ್ಣಿಗೆ ಬಂದು ಕಾರ್ನಿಯಾದೊಳಗೆ ಇಳಿದರೆ ಮಾತ್ರ ಅದನ್ನು ಹೊರಗೆ ಹಾಕುವುದು ಭಾರಿ ಕಷ್ಟ. ಗಂಟೆಗೊಮ್ಮೆ ಹನಿ ಹಾಕುವ ಚಿಕಿತ್ಸೆಯಿಂದ ಶುರುವಾಗಿ ತಿಂಗಳುಗಟ್ಟಲೆ ಔಷಧಿ ನಡೆಯುತ್ತದೆ. ನೋವು ಎಷ್ಟಿರುತ್ತದೆಂದರೆ, ಕಣ್ಣು ನೋಡಿದರೆ ಅಷ್ಟೇನೂ ಕೆಟ್ಟಿಲ್ಲವಲ್ಲ ಅನ್ನಿಸುತ್ತದೆ, ರೋಗಿ ಮಾತ್ರ ತಲೆ ಹಿಡಿದುಕೊಂಡು ನರಳುತ್ತಿರುತ್ತಾರೆ. ಶುರುವಿನಲ್ಲಿ ಇದನ್ನು ಸರ್ಪಸುತ್ತಿನ ಬಳಗದ ಹರ್ಪಿಸ್ ವೈರಸ್ಸಿನ ಹುಣ್ಣು ಅಂತ ವೈದ್ಯರೇ ತಪ್ಪು ತಿಳಿಯುವುದುಂಟು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ನಮ್ಮ ದೇಶದಲ್ಲಿ ಈ ಅಮೀಬಾದ ಸೋಂಕು ಹೆಚ್ಚಾಗಿ ಕಾಣುವುದು ಲೆನ್ಸ್ ಹಾಕುವವರಲ್ಲಿ ಅಲ್ಲ. ಹೊಲದಲ್ಲಿ ಕೆಲಸ ಮಾಡುವಾಗ ಕಣ್ಣಿಗೆ ಮಣ್ಣು, ಕೆಸರು ನೀರು ಬಿದ್ದವರಲ್ಲಿ. ಪಾಶ್ಚಾತ್ಯ ದೇಶಗಳಲ್ಲಿ ಉಲ್ಟಾ, ಅಲ್ಲಿ ಬಹುತೇಕರು ಲೆನ್ಸ್ ಹಾಕುವವರೇ. ಇಂಗ್ಲೆಂಡಿನಲ್ಲಿ ಈ ರೋಗ ಬಂದವರ ಮನೆಯ ಬಚ್ಚಲ ನಲ್ಲಿಗಳನ್ನು ಪರೀಕ್ಷೆ ಮಾಡಿದಾಗ ಅಲ್ಲೇ ಅಮೀಬಾ ಸಿಕ್ಕಿತು. ಮಾಡಿನ ಕೆಳಗಿನ ಟ್ಯಾಂಕಿನಲ್ಲಿ ನೀರು ತುಂಬಿಡುವ ಪದ್ಧತಿ ಅಲ್ಲಿ ಅದಕ್ಕೆ ಅನುಕೂಲ ಮಾಡಿಕೊಟ್ಟಿತ್ತು. ಇನ್ನು ನಮ್ಮ ಬೆಂಗಳೂರಿನ ನೀರಿನ ದಾರಿ ನೆನೆಸಿಕೊಳ್ಳಿ. ವಾರಕ್ಕೆರಡು ಸಲ ಬರುವ ಕಾವೇರಿ, ಬರದ ದಿನ ಟ್ಯಾಂಕರ್, ಎರಡೂ ಸೇರುವ ಸಂಪು, ಅಲ್ಲಿಂದ ತಾರಸಿಯ ಮೇಲಿನ ಕರಿ ಟ್ಯಾಂಕು. ಆ ಟ್ಯಾಂಕನ್ನು ಕೊನೆಯ ಸಲ ತೊಳೆಸಿದ್ದು ಯಾವಾಗ ಅಂತ ಕೇಳಿದರೆ ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

"ಡಾಕ್ಟ್ರೇ, ನಾನು ನಲ್ಲಿ ನೀರು ಮುಟ್ಟಿಸಲ್ಲ, ಆರ್‌ಓ ನೀರಲ್ಲೇ ತೊಳೆಯೋದು" ಅನ್ನುವವರಿದ್ದಾರೆ. ಕುಡಿಯುವುದಕ್ಕೆ ಬಹಳ ಒಳ್ಳೆಯದಮ್ಮ, ಕಣ್ಣಿಗಲ್ಲ ಅನ್ನುತ್ತೇನೆ. ಆ ಯಂತ್ರ ನೀರಿನ ಕ್ಲೋರಿನ್ನನ್ನೂ ತೆಗೆದುಬಿಡುತ್ತದೆ. ಒಳಗಿನ ತೊಟ್ಟಿಯಲ್ಲಿ ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಮತ್ತೆ ಬೆಳೆಯಲು ಅಡ್ಡಿಯಿಲ್ಲ. ಕಾಯಿಸಿದ ನೀರು? ಕುದಿಸಿದಾಗ ಸಾಯುವುದೆಲ್ಲ ಸಾಯುತ್ತದೆ, ನಿಜ. ಆರಿಸಲು ಇಟ್ಟ ಪಾತ್ರೆ, ಅದ್ದಿದ ಲೋಟ, ಇವುಗಳ ಕಥೆ ಬೇರೆ. ಉಪ್ಪಿನ ಲೆಕ್ಕವೂ ಅದರಲ್ಲಿ ಸರಿಯಿಲ್ಲ. ಹಾಗಾದರೆ ಉಪ್ಪು ಬೆರೆಸಿದರಾಯಿತಲ್ಲ ಅಂತ ಜಾಣರು ಕೇಳುತ್ತಾರೆ. ಅಮೆರಿಕದಲ್ಲಿ ಹಾಗೇ ಮಾಡಿ ನೋಡಿದ್ದಾರೆ. 1980ರ ದಶಕದಲ್ಲಿ ಅಲ್ಲಿ ಉಪ್ಪಿನ ಮಾತ್ರೆಯನ್ನು ಶುದ್ಧ ನೀರಿಗೆ ಹಾಕಿ ಮನೆಯಲ್ಲೇ ಲೆನ್ಸಿನ ನೀರು ತಯಾರಿಸಿಕೊಳ್ಳುತ್ತಿದ್ದರು. ಅಕಾಂತಮೀಬಾ ಸೋಂಕು ಗುಂಪು ಗುಂಪಾಗಿ ಕಾಣಿಸಿಕೊಂಡು ವೈದ್ಯಲೋಕ ಬೆಚ್ಚಿದ್ದು ಆಗಲೇ.

ಎಂಜಲು ಹಚ್ಚಿ ಹಾಕಿಕೊಳ್ಳುವವರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಎಂಜಲಿನ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾದ ನಾಡಿನಲ್ಲಿ, ಸಿನಿಮಾ ಥಿಯೇಟರಿನ ಕತ್ತಲಲ್ಲಿ ಲೆನ್ಸ್ ಬಾಯಿಗಿಟ್ಟು ಕಣ್ಣಿಗೆ ಹಾಕಿಕೊಳ್ಳುವವರೂ ಇದ್ದಾರೆ ಅನ್ನುವುದೇ ನನಗೆ ಆಶ್ಚರ್ಯ.

ಹಾಗಾದರೆ ಲೆನ್ಸ್ ತೊಳೆಯುವುದು ಯಾವುದರಿಂದ? ಅದಕ್ಕೆಂದೇ ಮಾಡಿದ ಸೊಲ್ಯೂಷನ್ನಿನಿಂದ. ಅಂಗಡಿಯಲ್ಲಿ ಸಲೈನ್ ಅಂತ ಬೇರೆ ಬಾಟಲಿಯೂ ಸಿಗುತ್ತದೆ, ಕಣ್ಣು ಒಣಗಿದಾಗ ಹಾಕುವ ಹನಿಯೂ ಸಿಗುತ್ತದೆ. ಅವೆರಡಕ್ಕೂ ರೋಗಾಣು ಕೊಲ್ಲುವ ಶಕ್ತಿ ಇಲ್ಲ. ರಾತ್ರಿ ಲೆನ್ಸ್ ನೆನೆಸಿಡಬೇಕಾದದ್ದು ಸೊಲ್ಯೂಷನ್ನಿನಲ್ಲೇ. ಆಕಾಶವಾಣಿಯಲ್ಲಿ ಕಂಪನಿಗಳ ಹೆಸರು ಹೇಳುವ ಹಾಗಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ. ನಿಮ್ಮ ಲೆನ್ಸಿಗೆ ಹೊಂದುವುದನ್ನು ನಿಮಗೆ ಲೆನ್ಸ್ ಅಳತೆ ಮಾಡಿಕೊಟ್ಟವರೇ ಬರೆದುಕೊಡಲಿ. ಹೈಡ್ರೋಜನ್ ಪೆರಾಕ್ಸೈಡ್ ಇರುವ ಬಗೆಯೂ ಒಂದಿದೆ. ಅದು ರೋಗಾಣುಗಳ ಮೇಲೆ ಜೋರು. ಅದರ ಜೊತೆ ಬರುವ ವಿಶೇಷ ಡಬ್ಬಿಯಲ್ಲಿ ಸುಮಾರು 6 ಗಂಟೆ ಇಟ್ಟ ಮೇಲೆ ಅದು ಸೌಮ್ಯವಾಗುತ್ತದೆ. ಅದಕ್ಕೆ ಮೊದಲೇ ಹಾಕಿಕೊಂಡರೆ, ಅಥವಾ ಬೇರೆ ಸೊಲ್ಯೂಷನ್ ಅಂದುಕೊಂಡು ನೇರ ಕಣ್ಣಿಗೆ ಬಿಟ್ಟುಕೊಂಡರೆ, ಬೆಂಕಿ ಬಿದ್ದಂತೆ ಉರಿಯುತ್ತದೆ.

ಈಗ ತೊಳೆಯುವ ಕ್ರಮ. ಕೈಯನ್ನು ಸೋಪು ಹಾಕಿ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಕೈಗೆ ನೀರು ಬೇಕೇ ಬೇಕು. ಆಮೇಲೆ ಎಳೆ ಬಿಡದ ಒಣಬಟ್ಟೆಯಲ್ಲಿ ಪೂರ್ತಿ ಒರೆಸಿಕೊಳ್ಳಿ. ಕೈಗೆ ನೀರು, ಲೆನ್ಸಿಗೆ ಸೊಲ್ಯೂಷನ್, ಇವೆರಡರ ನಡುವೆ ಒಂದು ಟವೆಲ್ ಇರಬೇಕು. ಯಾವಾಗಲೂ ಬಲಗಣ್ಣಿನಿಂದಲೇ ಶುರು ಮಾಡಿದರೆ ಎಡ ಬಲ ಅದಲುಬದಲಾಗುವುದಿಲ್ಲ. ಲೆನ್ಸನ್ನು ಅಂಗೈಯ ಗುಳಿಯಲ್ಲಿಟ್ಟು ಮೂರು ನಾಲ್ಕು ಹನಿ ಸೊಲ್ಯೂಷನ್ ಬಿಡಿ. ತೋರುಬೆರಳಿನ ಮೆತ್ತನೆಯ ಭಾಗದಿಂದ ಮುಂದಕ್ಕೂ ಹಿಂದಕ್ಕೂ ಮೃದುವಾಗಿ ಉಜ್ಜಿ. ಸುತ್ತಿ ಸುತ್ತಿ ತಿಕ್ಕಿದರೆ ಹರಿಯುತ್ತದೆ. ಮಗುಚಿ ಇನ್ನೊಂದು ಮೈಯನ್ನೂ ಉಜ್ಜಿ. ಇಡೀ ದಿನ ಕಣ್ಣಲ್ಲಿದ್ದ ಲೆನ್ಸಿನ ಮೇಲೆ ಕಣ್ಣೀರಿನ ಪ್ರೋಟೀನು, ರೆಪ್ಪೆಯಂಚಿನ ಜಿಡ್ಡು, ರಸ್ತೆಯ ಹೊಗೆ ಎಲ್ಲ ಕೂತಿರುತ್ತದೆ. ಬೆರಳಿಗೆ ಮೊದಲು ಜಾರು ಜಾರಾಗಿ ಸಿಗುವ ಲೆನ್ಸ್ ಉಜ್ಜಿದ ಮೇಲೆ ಹಗುರಾಗುವುದು ನಿಮಗೇ ಗೊತ್ತಾಗುತ್ತದೆ. ಆಮೇಲೆ ಸೊಲ್ಯೂಷನ್ನಿನಿಂದಲೇ ಜಾಲಿಸಿ, ಹೊಸ ಸೊಲ್ಯೂಷನ್ ತುಂಬಿದ ಡಬ್ಬಿಗೆ ಹಾಕಿ.

ಬಾಟಲಿಯ ಮೇಲೆ ಉಜ್ಜಬೇಕಾಗಿಲ್ಲ ಅಂತ ಬರೆದಿದ್ದರೂ ಉಜ್ಜಿ. ಇದರ ಹಿಂದೆ ಒಂದು ಪ್ರಸಂಗವಿದೆ. 2005, 2006ರಲ್ಲಿ ಸಿಂಗಪುರ, ಹಾಂಗ್‌ಕಾಂಗ್, ಅಮೆರಿಕಗಳಲ್ಲಿ ಲೆನ್ಸ್ ಹಾಕುವವರ ಕಣ್ಣಿಗೆ ಫ್ಯುಸೇರಿಯಂ ಎಂಬ ಶಿಲೀಂಧ್ರದ ಹುಣ್ಣು ಒಬ್ಬರ ಹಿಂದೊಬ್ಬರಿಗೆ ಬಂತು. ಹುಡುಕುತ್ತಾ ಹೋದಾಗ ಬಹುತೇಕರು ಬಳಸಿದ್ದು ಒಂದೇ ಹೆಸರಾಂತ ಸೊಲ್ಯೂಷನ್. 2006ರ ಮೇ ತಿಂಗಳಲ್ಲಿ ಅದನ್ನು ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ಮರುವರ್ಷ ಇನ್ನೊಂದು ಕಂಪನಿಯ ಸೊಲ್ಯೂಷನ್ ಅಕಾಂತಮೀಬಾದ ಕಾರಣಕ್ಕೆ ಹಿಂದೆ ಹೋಯಿತು. ಉಜ್ಜುವ ತಾಪತ್ರಯ ಇಲ್ಲ ಅನ್ನುವ ಅನುಕೂಲವನ್ನು ಮಾರಿದ ಕಾಲ ಅದು. ಆ ಪ್ರಸಂಗಗಳಲ್ಲಿ ಜನರ ಒಂದು ಅಭ್ಯಾಸವೂ ಬಯಲಿಗೆ ಬಂತು: ಡಬ್ಬಿಯಲ್ಲಿದ್ದ ನಿನ್ನೆಯ ಸೊಲ್ಯೂಷನ್ ಚೆಲ್ಲದೆ, ಅದರ ಮೇಲೆ ಎರಡು ಹನಿ ಹೊಸದನ್ನು ಬಿಟ್ಟು ಸಾಗಿಸುವುದು. ಉಳಿತಾಯ ನಮ್ಮ ರಕ್ತದಲ್ಲೇ ಇದೆ, ಚೆಲ್ಲುವುದಕ್ಕೆ ಮನಸ್ಸು ಬರುವುದಿಲ್ಲ. ಆದರೆ ನಿನ್ನೆಯದು ಈಗಾಗಲೇ ತನ್ನ ಕೆಲಸ ಮುಗಿಸಿ ಸೋತಿದೆ. ಅದರೊಳಗೆ ಹೊಸದನ್ನು ಬೆರೆಸಿದರೆ ಹೊಸದೂ ಸೋಲುತ್ತದೆ. ಬೆಳಿಗ್ಗೆ ಲೆನ್ಸ್ ತೆಗೆದ ಕೂಡಲೇ ಡಬ್ಬಿ ಖಾಲಿ ಮಾಡಿ.

ನನ್ನನ್ನು ಕೇಳಿದರೆ ಲೆನ್ಸಿಗಿಂತ ಡಬ್ಬಿಯೇ ದೊಡ್ಡ ಅಪರಾಧಿ. ಲೆನ್ಸಿಗೆ ಸಾವಿರಾರು ರೂಪಾಯಿ ಕೊಟ್ಟವರು ಡಬ್ಬಿಯನ್ನು ವರ್ಷಗಟ್ಟಲೆ ಬದಲಾಯಿಸುವುದಿಲ್ಲ. ನಾನು ಲೆನ್ಸ್ ಹಾಕುವವರು ಬಂದಾಗಲೆಲ್ಲ ಡಬ್ಬಿ ತೋರಿಸಿ ಅನ್ನುತ್ತೇನೆ. ವ್ಯಾನಿಟಿ ಬ್ಯಾಗಿನ ತಳದಿಂದ, ಚಿಲ್ಲರೆ ಕಾಸು, ಬಾಚಣಿಗೆಗಳ ನಡುವಿನಿಂದ ಅದು ಹೊರಗೆ ಬರುತ್ತದೆ. ಮುಚ್ಚಳದ ತಿರುಪಿನ ಸಂದಿಯಲ್ಲಿ ಬೂದುಬಣ್ಣದ ಪಾಚಿಯಂಥದ್ದು ಕಟ್ಟಿರುತ್ತದೆ, ತಳದಲ್ಲಿ ಬೆರಳಿಟ್ಟರೆ ಲೋಳೆ. ಆ ಲೋಳೆ ಬ್ಯಾಕ್ಟೀರಿಯಾಗಳು ತಮಗಾಗಿ ಕಟ್ಟಿಕೊಂಡ ಮನೆ. ಅಮೀಬಾಕ್ಕೆ ಅದೇ ಊಟದ ಮನೆ. ಡಬ್ಬಿಯನ್ನು ದಿನವೂ ಸೊಲ್ಯೂಷನ್ ಹಾಕಿ ಬೆರಳಿನಿಂದ ಉಜ್ಜಿ, ಶುಭ್ರವಾದ ಟಿಶ್ಯೂ ಕಾಗದದಲ್ಲಿ ಒರೆಸಿ, ಮುಚ್ಚಳ ತೆಗೆದು ಬೋರಲು ಹಾಕಿ ಒಣಗಿಸಬೇಕು. ಒಣಗಿದ ಜಾಗದಲ್ಲಿ ಈ ಜೀವಿಗಳು ಬೆಳೆಯಲಾರವು. ಬಚ್ಚಲಲ್ಲಿ ಒಣಗಿಸಬೇಡಿ, ಕಮೋಡೂ ಶವರೂ ಒಂದೇ ಕೋಣೆಯಲ್ಲಿರುವ ಮನೆಗಳಲ್ಲಂತೂ ಬೇಡವೇ ಬೇಡ. 3 ತಿಂಗಳಿಗೊಮ್ಮೆ ಡಬ್ಬಿ ಎಸೆದು ಹೊಸದು ತೆಗೆದುಕೊಳ್ಳಿ. ಸೊಲ್ಯೂಷನ್ ಬಾಟಲಿಯ ಮೇಲೆ ಒಡೆದ ತಾರೀಕು ಬರೆದಿಡಿ, ಅದಕ್ಕೂ ಒಡೆದ ಮೇಲೆ ಇಷ್ಟೇ ದಿನ ಅಂತ ಆಯಸ್ಸಿದೆ. ಪ್ರಯಾಣಕ್ಕೆ ಅಂತ ಸಣ್ಣ ಸೀಸೆಗೆ ಬಗ್ಗಿಸಿಕೊಳ್ಳಬೇಡಿ.

ದಿನಕ್ಕೊಂದು ಜೊತೆ ಹಾಕಿ ಸಂಜೆ ಎಸೆದುಬಿಡುವ ಲೆನ್ಸುಗಳೂ ಇವೆ. ಅದಕ್ಕೆ ಡಬ್ಬಿಯೂ ಇಲ್ಲ, ಸೊಲ್ಯೂಷನ್ನೂ ಇಲ್ಲ. ಕೈಗೆಟುಕುವುದಾದರೆ, ಅದರಲ್ಲೂ ಅಪರೂಪಕ್ಕೆ ಹಾಕುವವರಿಗೆ, ನನ್ನ ಓಟು ಅದಕ್ಕೇ. ಆದರೆ ಇನ್ನೊಂದು ದಿನ ಬರುತ್ತದಲ್ಲ ಅಂತ ತೆಗೆದಿಟ್ಟು ಮರುದಿನ ಹಾಕಿಕೊಂಡರೆ ಅದರ ಉದ್ದೇಶವೇ ಕೆಟ್ಟಿತು.

ಇನ್ನು ನಿದ್ದೆ. ನೀರಿನಷ್ಟೇ ದೊಡ್ಡ ಶತ್ರು ಇದು. ಕಣ್ಣು ಮುಚ್ಚಿದಾಗ ಕಾರ್ನಿಯಾಗೆ ಗಾಳಿ ಸಿಗುವುದಿಲ್ಲ, ರೆಪ್ಪೆಯ ಒಳಮೈಯ ರಕ್ತನಾಳಗಳಿಂದ ಬರುವ ಅಷ್ಟಿಷ್ಟರಲ್ಲಿ ಸುಧಾರಿಸಬೇಕು. ಆ ಹೊತ್ತಿನಲ್ಲಿ ಮೇಲೊಂದು ಲೆನ್ಸೂ ಇದ್ದರೆ ಅದು ಉಸಿರು ಕಟ್ಟಿ ಊದಿಕೊಳ್ಳುತ್ತದೆ. ಕಣ್ಣೀರೂ ಹರಿಯದೆ ನಿಂತಿರುತ್ತದೆ. ಅಮೆರಿಕ, ಆಸ್ಟ್ರೇಲಿಯಾಗಳ ದೊಡ್ಡ ಅಧ್ಯಯನಗಳು ಹೇಳುವ ಲೆಕ್ಕ ಇದು: ಹಗಲು ಮಾತ್ರ ಮೃದು ಲೆನ್ಸ್ ಹಾಕುವ 10,000 ಮಂದಿಯಲ್ಲಿ ವರ್ಷಕ್ಕೆ 2ರಿಂದ 4 ಮಂದಿಗೆ ಕಾರ್ನಿಯಾ ಸೋಂಕು, ಹಾಕಿಕೊಂಡೇ ಮಲಗುವವರಲ್ಲಿ ಸುಮಾರು 20 ಮಂದಿಗೆ. 1999ರಲ್ಲಿ ಸಿಲಿಕೋನ್ ಬೆರೆಸಿದ ಹೊಸ ಬಗೆಯ ಲೆನ್ಸ್ ಬಂದಾಗ ಇನ್ನು ಮಲಗಿದರೂ ಚಿಂತೆಯಿಲ್ಲ ಅಂದುಕೊಂಡರು. ಅದು ಆಮ್ಲಜನಕವನ್ನು ಧಾರಾಳವಾಗಿ ಬಿಡುತ್ತದೆ, ಆ ತೊಂದರೆ ನೀಗಿತು. ಸೋಂಕು ಮಾತ್ರ ಕಡಿಮೆಯಾಗಲಿಲ್ಲ.

ನಮ್ಮಲ್ಲಿ ಬೇಕೆಂದು ಹಾಕಿಕೊಂಡು ಮಲಗುವವರು ಕಡಿಮೆ. ಕೆಡುವುದು ರಾತ್ರಿ ಬಸ್ಸಿನಲ್ಲಿ. ಬೆಂಗಳೂರಿನಿಂದ ಹುಬ್ಬಳ್ಳಿಗೋ ಕಲಬುರಗಿಗೋ ಹೊರಟವರು ಆಫೀಸಿನಿಂದ ನೇರ ಮೆಜೆಸ್ಟಿಕ್ಕಿಗೆ ಬರುತ್ತಾರೆ, ಸೀಟಿಗೆ ಒರಗಿದ್ದೇ ನಿದ್ದೆ. ತುಮಕೂರು ದಾಟುವ ಹೊತ್ತಿಗೆ ನೆನಪಾದರೂ ಕುಲುಕುವ ಬಸ್ಸಿನಲ್ಲಿ ಯಾರು ತೆಗೆಯುತ್ತಾರೆ, ಕೈ ತೊಳೆಯುವುದೆಲ್ಲಿ? ಪ್ರಯಾಣದ ದಿನ ಆಫೀಸು ಬಿಡುವ ಮೊದಲೇ ಲೆನ್ಸ್ ತೆಗೆದು ಕನ್ನಡಕ ಹಾಕಿಕೊಳ್ಳಿ. ಕನ್ನಡಕವೇ ಇಲ್ಲ, ಮೂರು ವರ್ಷದ ಹಿಂದೆ ಒಡೆಯಿತು, ಆಮೇಲೆ ಲೆನ್ಸೇ ಅನ್ನುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಸರಿಯಾದ ನಂಬರಿನ ಕನ್ನಡಕ ಮನೆಯಲ್ಲಿ ಇಲ್ಲದವರು ಕಣ್ಣು ಕೆಂಪಾದ ದಿನವೂ ಲೆನ್ಸ್ ಹಾಕಿಕೊಂಡೇ ಕೆಲಸಕ್ಕೆ ಹೋಗುತ್ತಾರೆ. ಮಧ್ಯಾಹ್ನದ ಅರ್ಧ ಗಂಟೆಯ ಕೋಳಿನಿದ್ದೆಗೂ ಇದೇ ನಿಯಮ.

ನಮ್ಮ ಮನೆ, ಹಬ್ಬಗಳ ಲೆಕ್ಕದಲ್ಲಿ ಇನ್ನೂ ಕೆಲವಿವೆ. ಸ್ನಾನಕ್ಕೆ ಮೊದಲು ಲೆನ್ಸ್ ಹಾಕಬೇಡಿ, ಸ್ನಾನ ಆದ ಮೇಲೆ ಹಾಕಿ. ಈಜುಕೊಳ, ನದಿ, ಕಲ್ಯಾಣಿ, ಸಮುದ್ರ, ಎಲ್ಲಕ್ಕೂ ಲೆನ್ಸ್ ತೆಗೆದೇ ಇಳಿಯಿರಿ. ದೀಪಾವಳಿಯ ಎಣ್ಣೆಸ್ನಾನದ ದಿನ ಕೈಯ ಜಿಡ್ಡು ಒಂದು ಸಲ ಸೋಪು ಹಾಕಿದರೆ ಹೋಗುವುದಿಲ್ಲ, ಆ ದಿನ ಕನ್ನಡಕವೇ ಇರಲಿ. ಪಟಾಕಿ ಹೊಡೆಯುವಾಗಲೂ ಹೋಳಿಯ ಬಣ್ಣ ಆಡುವಾಗಲೂ ಅಷ್ಟೆ. ಬಣ್ಣದ ಪುಡಿ ಲೆನ್ಸಿನ ಕೆಳಗೆ ಸೇರಿದರೆ ಕಣ್ಣೀರು ಅದನ್ನು ತೊಳೆದು ಹಾಕಲಾರದು. ಹಸಿಮೆಣಸಿನಕಾಯಿ ಹೆಚ್ಚಿದ ಕೈ, ಒಗ್ಗರಣೆಗೆ ಬ್ಯಾಡಗಿ ಮೆಣಸಿನಕಾಯಿ ಮುರಿದ ಕೈ, ಇವುಗಳ ಖಾರ ಗಂಟೆಗಳ ಮೇಲೂ ಬೆರಳಿನಲ್ಲಿರುತ್ತದೆ. ಅಡುಗೆ ಮಾಡುವವರು ಬೆಳಿಗ್ಗೆ ಒಲೆ ಮುಂದೆ ನಿಲ್ಲುವ ಮೊದಲೇ ಲೆನ್ಸ್ ಹಾಕಿಕೊಂಡಿರುವುದು ಮೇಲು. ರಾತ್ರಿ ತೆಗೆಯುವ ಹೊತ್ತಿಗೆ ಬೆರಳಿಗೆ ಸ್ವಲ್ಪ ಎಣ್ಣೆ ಸವರಿ ಒರೆಸಿ ಆಮೇಲೆ ಸೋಪು ಹಾಕಿದರೆ ಖಾರ ಬಿಡುತ್ತದೆ. ಕಾಡಿಗೆ ಹಚ್ಚುವವರು ಮೊದಲು ಲೆನ್ಸ್ ಹಾಕಿ ಆಮೇಲೆ ಕಾಡಿಗೆ ಹಚ್ಚಿ. ರಾತ್ರಿ ಮೊದಲು ಲೆನ್ಸ್ ತೆಗೆದು ಆಮೇಲೆ ಕಾಡಿಗೆ ಅಳಿಸಿ. ಒಲೆಯ ಬಿಸಿಗೆ ಲೆನ್ಸ್ ಕರಗಿ ಕಣ್ಣಿಗೆ ಅಂಟಿತು ಅನ್ನುವ ಸುದ್ದಿ ಮೊಬೈಲಿನಲ್ಲಿ ಆಗಾಗ ಬರುತ್ತದೆ, ಅದು ಶುದ್ಧ ಸುಳ್ಳು. ಲೆನ್ಸ್ ಕಣ್ಣಿನ ಹಿಂದಕ್ಕೆ ಹೋಗಿ ಮಿದುಳು ಸೇರುತ್ತದೆ ಅನ್ನುವುದೂ ಸುಳ್ಳು. ರೆಪ್ಪೆಯ ಒಳಪದರ ಮಡಿಚಿ ಕಣ್ಣುಗುಡ್ಡೆಗೆ ಸೇರಿಕೊಂಡಿದೆ, ಅಲ್ಲಿಂದಾಚೆ ದಾರಿಯೇ ಇಲ್ಲ.

ಮದುವೆ ಮನೆಯ ಬಣ್ಣದ ಲೆನ್ಸ್ ಬಗ್ಗೆ ಹೇಳದಿದ್ದರೆ ಮಾತು ಅಪೂರ್ಣ. ಮದುಮಗಳ ಸೀರೆಗೆ ಹೊಂದುವ ಹಸಿರು, ಬೂದು, ಜೇನು ಬಣ್ಣದ ಲೆನ್ಸುಗಳನ್ನು ಅಲಂಕಾರ ಮಾಡುವವರೇ ತಂದು ಹಾಕುತ್ತಾರೆ. ಆರತಕ್ಷತೆಗೆ ಅಕ್ಕನಿಗೆ ಹಾಕಿದ್ದನ್ನು ಮರುದಿನ ತಂಗಿಗೆ. ಕಣ್ಣಿನ ಅಳತೆ ಯಾರೂ ನೋಡಿಲ್ಲ, ಕೈ ತೊಳೆದಿದ್ದರೋ ಇಲ್ಲವೋ ತಿಳಿಯದು, ಮೇಲೆ ಹೋಮದ ಹೊಗೆ. ನಂಬರು ಇಲ್ಲದಿದ್ದರೂ ಬಣ್ಣದ ಲೆನ್ಸ್ ಕಾರ್ನಿಯಾದ ಮೇಲೇ ಕೂರುವುದು. ಇಷ್ಟವಿದ್ದರೆ ಹಾಕಿಕೊಳ್ಳಲಿ, ಬೇಡ ಅನ್ನಲು ನಾನು ಯಾರು? ಆದರೆ ಮುಹೂರ್ತಕ್ಕೆ ಒಂದು ತಿಂಗಳ ಮೊದಲೇ ಕಣ್ಣಿನವರ ಹತ್ತಿರ ಅಳತೆ ಮಾಡಿಸಿ, ಹಾಕುವುದು ತೆಗೆಯುವುದು ಕಲಿತು, ತನ್ನದೇ ಜೊತೆ ಹಾಕಿಕೊಳ್ಳಲಿ. ಲೆನ್ಸ್ ಹಂಚಿಕೊಳ್ಳುವ ವಸ್ತು ಅಲ್ಲ.

ಶೋಕಿಗಲ್ಲದೆ ಅನಿವಾರ್ಯಕ್ಕೆ ಲೆನ್ಸ್ ಹಾಕುವವರೂ ಇದ್ದಾರೆ. ಕಾರ್ನಿಯಾ ತೆಳುವಾಗಿ ಮುಂದಕ್ಕೆ ಚೂಪಾಗುವ ಕೆರಟೋಕೋನಸ್ ಎಂಬ ಕಾಯಿಲೆ ನಮ್ಮ ಹರೆಯದ ಮಕ್ಕಳಲ್ಲಿ ಕಡಿಮೆಯೇನಿಲ್ಲ; ಅಲರ್ಜಿಯಿಂದ ಕಣ್ಣು ಉಜ್ಜಿ ಉಜ್ಜಿ ಅದು ಹೆಚ್ಚಾಗುತ್ತದೆ. ಅವರಿಗೆ ಕನ್ನಡಕದಲ್ಲಿ ಸರಿಯಾಗಿ ಕಾಣುವುದಿಲ್ಲ, ಗಟ್ಟಿ ಲೆನ್ಸೇ ಗತಿ. ಗಟ್ಟಿ ಲೆನ್ಸ್ ನೀರು ಹೀರುವುದಿಲ್ಲ ಅಂತ ಹಿಂದೆ ನಲ್ಲಿಯಲ್ಲಿ ಜಾಲಿಸಲು ಹೇಳುತ್ತಿದ್ದರು. ಈಗ ಅದಕ್ಕೂ ನೀರು ಬೇಡ ಅಂತಲೇ ಹೇಳುತ್ತೇವೆ. ಹಳೆಯ ಉಪದೇಶ ಕೇಳಿಕೊಂಡೇ ಬಂದವರು ದಯವಿಟ್ಟು ಬದಲಾಯಿಸಿಕೊಳ್ಳಿ.

ಎಷ್ಟು ಜಾಗ್ರತೆ ಮಾಡಿದರೂ ಒಂದು ದಿನ ಕಣ್ಣು ಕೆಂಪಾಗಬಹುದು. ನೋವು, ಬೆಳಕು ನೋಡಲಾಗದಿರುವುದು, ನೀರು ಸುರಿಯುವುದು, ಪಿಸುರು, ಮಂಜು, ಇವುಗಳಲ್ಲಿ ಒಂದು ಕಂಡರೂ ಲೆನ್ಸ್ ತೆಗೆಯಿರಿ. ನಾಳೆ ನೋಡೋಣ ಅನ್ನಬೇಡಿ. ಲೆನ್ಸ್ ಹಾಕುವವರಲ್ಲಿ ಹೆಚ್ಚಾಗಿ ಸೋಂಕು ತರುವುದು ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ. ಅದೂ ನೀರು, ತೇವಗಳಲ್ಲಿ ವಾಸ ಮಾಡುವಂಥದ್ದೇ. ಅದಕ್ಕೆ ಅಮೀಬಾದ ತಾಳ್ಮೆಯಿಲ್ಲ, ಒಂದೆರಡು ದಿನದಲ್ಲೇ ಕಾರ್ನಿಯಾವನ್ನು ಕರಗಿಸಬಲ್ಲದು. ನಾವು ಕಣ್ಣಿಗೆ ಹಳದಿ ಬಣ್ಣದ ಒಂದು ಔಷಧಿ ತಾಗಿಸಿ, ನೀಲಿ ಬೆಳಕಿನಲ್ಲಿ ಸೂಕ್ಷ್ಮದರ್ಶಕ ಇಟ್ಟು ನೋಡುತ್ತೇವೆ. ಆರೋಗ್ಯವಾಗಿರುವ ಕಾರ್ನಿಯಾ ಕಪ್ಪಗೆ, ನಯವಾಗಿ ಕಾಣುತ್ತದೆ. ಹುಣ್ಣಾದ ಕಡೆ ಮಾತ್ರ ಪಚ್ಚೆ ಹಸಿರಾಗಿ ಹೊಳೆಯುತ್ತದೆ, ಅದರ ತಳದಲ್ಲಿ ಅಕ್ಕಿನುಚ್ಚಿನಷ್ಟು ಬಿಳಿ ಕಲೆ. ವಾಸಿಯಾದ ಮೇಲೂ ಆ ಬಿಳಿ ಉಳಿದರೆ ಹಳ್ಳಿಯಲ್ಲಿ ಕಣ್ಣಿಗೆ ಹೂ ಬಿತ್ತು ಅನ್ನುತ್ತಾರೆ. ಹೂವು ನಡುವೆ ಬಿದ್ದರೆ ಕಾರ್ನಿಯಾ ಕಸಿಯೇ ದಾರಿ. ಅದಕ್ಕೆ ಯಾರೋ ಸತ್ತು ಕಣ್ಣು ದಾನ ಮಾಡಿರಬೇಕು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳ ಕಾರ್ನಿಯಾವನ್ನು ಪದರ ಬಿಡಿಸಿ ನಾಲ್ವರಿಗೆ ಹಾಕಿದ್ದು ನಿಮಗೆ ನೆನಪಿರಬಹುದು. ಅಷ್ಟು ಎಚ್ಚರದಿಂದ ಹಂಚುವ ವಸ್ತು ಅದು. ಕೊಳಕು ಡಬ್ಬಿಯ ದೆಸೆಯಿಂದ ಅಂಥದ್ದಕ್ಕಾಗಿ ಕಾಯುವ ಸರದಿಗೆ ಸೇರಬೇಡಿ.

ಔಷಧಿ ಅಂಗಡಿಗೆ ಹೋಗಿ, ಕಣ್ಣು ಕೆಂಪಾಗಿದೆ, ಒಂದು ಡ್ರಾಪ್ಸ್ ಕೊಡಿ ಅಂತ ಕೇಳಬೇಡಿ. ಹಾಗೆ ಕೊಡುವ ಹನಿಗಳಲ್ಲಿ ಸ್ಟಿರಾಯ್ಡ್ ಇರುವುದುಂಟು. ಎರಡು ದಿನ ಕೆಂಪು ಇಳಿದು ಹಾಯೆನಿಸುತ್ತದೆ, ಒಳಗೆ ಶಿಲೀಂಧ್ರ, ಅಮೀಬಾಗಳು ನಿರಾಳವಾಗಿ ಬೆಳೆಯುತ್ತವೆ. ಎದೆಹಾಲು, ಹರಳೆಣ್ಣೆ, ಜೇನುತುಪ್ಪ, ಗುಲಾಬಿ ನೀರು ಇವೂ ಬೇಡ. ಬ್ಯಾಂಡೇಜು ಕಟ್ಟಿ ಮುಚ್ಚುವುದೂ ಬೇಡ. ಮುಚ್ಚಿದ ಕಣ್ಣಿನ ಬಿಸುಪಿನಲ್ಲಿ ಸೋಂಕು ಬೇಗ ಹರಡುತ್ತದೆ. ಅದೇ ದಿನ ಹತ್ತಿರದ ಕಣ್ಣಿನ ಡಾಕ್ಟರ ಬಳಿ ಹೋಗಿ, ನಾನು ಲೆನ್ಸ್ ಹಾಕುತ್ತೇನೆ ಅನ್ನುವುದನ್ನು ಅವರು ಕೇಳುವ ಮೊದಲೇ ಹೇಳಿ. ಬರುವಾಗ ತೆಗೆದ ಲೆನ್ಸನ್ನೂ ಡಬ್ಬಿಯನ್ನೂ ಸೊಲ್ಯೂಷನ್ ಬಾಟಲಿಯನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತನ್ನಿ. ಯಾವ ರೋಗಾಣು ಅಂತ ಕಣ್ಣಿನಿಂದ ಗೊತ್ತಾಗದಿದ್ದಾಗ ಎಷ್ಟೋ ಸಲ ಡಬ್ಬಿಯಿಂದ ಗೊತ್ತಾಗುತ್ತದೆ. ಡಾಕ್ಟರು ಬೈದಾರು ಅಂತ ಹೊರಡುವ ಮೊದಲು ಅದನ್ನು ತೊಳೆದು ತರಬೇಡಿ. ಹೇಗಿದೆಯೋ ಹಾಗೇ ತನ್ನಿ.